ಸೆರಗಿನ ಹಿಂಬದಿ

ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ದೇವರಿಗೆ ಏರಿಸಿದ ಕಾಯಿಯನ್ನು ಸವಾಲಿಗೆ ಹಾಕುವ ರೂಢಿಯಿದೆ. ಸಂತೆಯಲ್ಲಿ ನಾಲ್ಕು ಬಿಡಿಕಾಸಿಗೆ ಸಿಗುವ ಕಾಯಿ ಅಲ್ಲಿ ಸಾವಿರಗಟ್ಟಲೆಗೆ ಹೋಗುತ್ತದೆ. ಕೂಗಿದವನಿಗೆ ಕಾಯಿಯ ಬೆಲೆ ಗೊತ್ತು, ಕೊಡುವ ರೊಕ್ಕ ಎಲ್ಲಿಗೆ ಹೋಗುತ್ತದೆಂಬುದೂ ಗೊತ್ತು. ಹಾಗಾಗಿ ಅಲ್ಲಿ ಯಾರಿಗೂ ಮೋಸವಾಯಿತು ಎನಿಸುವುದಿಲ್ಲ. ಹೆಂಗಸರಾದ ನಾವು ಗುಂಪಿನ ಹಿಂದೆ ನಿಂತು ನೋಡುವವರು. ಐವತ್ತು ದಾಟಿದ ಮೇಲೆ ನಾನೇ ಸವಾಲು ಹಾಕುವವಳಾದೆ. ಗುಡಿಯ ಮುಂದಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ, ಅಂಗೈಯಗಲದ ಫೋನಿನಲ್ಲಿ.

ಕುಂದಗೋಳದ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕಲಿಸುತ್ತಿದ್ದೇನೆ. ‘ಅನುದಾನರಹಿತ’ ಎಂಬ ಶಬ್ದದ ಅರ್ಥ ಅಲ್ಲಿಯ ಶಿಕ್ಷಕರ ಅಡಿಗೆಮನೆಯ ಡಬ್ಬಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಗಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಲು ಸೇರಿದ ವರ್ಷ ನಮ್ಮ ಡಬ್ಬಿಗಳು ತಳ ಕಂಡವು. ಆಗ ತಮ್ಮನ ಮಗ ಬಂದವನು ಅಟ್ಟದ ಮೇಲಿನ ನಮ್ಮ ಅತ್ತೆಯವರ ಹಿತ್ತಾಳೆಯ ಅಡಕೊತ್ತನ್ನು ನೋಡಿ, “ಅತ್ತಿ, ಇದಕ್ಕ ಗಿರಾಕಿ ಅದಾರ” ಎಂದ. ಗಿಣಿಯ ಆಕಾರದ ಅಡಕೊತ್ತು ಅದು. ಇನ್ನೂರು ರೂಪಾಯಿಯಿಂದ ಶುರುವಾದದ್ದು ಐದು ದಿನಗಳಲ್ಲಿ ಸಾವಿರದ ನಾನೂರ ಐವತ್ತಕ್ಕೆ ನಿಂತಿತು. ಅಂಚೆ ಕಚೇರಿಗೆ ಪಾರ್ಸೆಲ್ ಒಯ್ದ ದಿನ ನನಗೆ ಮೊದಲ ಸಂಬಳ ಬಂದಷ್ಟು ಸಂತೋಷವಾಗಿತ್ತು.

ಈ ವ್ಯಾಪಾರದ ಚರಿತ್ರೆಯೂ ಸ್ವಾರಸ್ಯವಾದದ್ದು. ಅಮೆರಿಕೆಯಲ್ಲಿ 1995ರಲ್ಲಿ ಹುಟ್ಟಿದ ಈಬೇ ಜಗತ್ತಿಗೆ ಇದರ ರುಚಿ ಹತ್ತಿಸಿತು. ನಮ್ಮಲ್ಲಿ 2000ದಲ್ಲಿ ಬಾಜೀ ಎಂಬುದು ಶುರುವಾಗಿ, 2004ರಲ್ಲಿ ಈಬೇ ಅದನ್ನು ಕೊಂಡು, ಕೊನೆಗೆ 2018ರಲ್ಲಿ ಈಬೇಯ ಭಾರತದ ತಾಣವೇ ಮುಚ್ಚಿತು. ಹಳೆಯ ನಾಣ್ಯ, ಅಂಚೆಚೀಟಿ, ಹಿತ್ತಾಳೆ ಸಾಮಾನು, ಹಳೆಯ ಜವಳಿ ಎಂದು ಒಂದೊಂದು ಹುಚ್ಚಿನವರು ಸೇರುವ ಸಣ್ಣ ತಾಣಗಳು ಈಗಲೂ ಇವೆ. ಅಲ್ಲಿಯ ಕ್ರಮ ಜಾತ್ರೆಯ ಸವಾಲಿನಂತಲ್ಲ. ಕೊಳ್ಳುವವರು ತಮ್ಮ ಕಡೆಯ ಮೊತ್ತವನ್ನು ಗುಟ್ಟಾಗಿ ನಮೂದಿಸಿ ಮಲಗಿಬಿಡಬಹುದು. ಎದುರಾಳಿ ಏರಿಸಿದಂತೆ ಯಂತ್ರವೇ ಅವರ ಪರವಾಗಿ ಒಂದೊಂದು ಮೆಟ್ಟಿಲು ಏರಿಸುತ್ತದೆ. ಗೆದ್ದವರು ತಾವು ಬರೆದ ಪೂರ್ಣ ಮೊತ್ತ ಕೊಡಬೇಕಿಲ್ಲ, ಎರಡನೆಯವರು ನಿಂತ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲೆ ಕೊಟ್ಟರೆ ಸಾಕು. ಹೀಗಾಗಿ ವಸ್ತುವಿನ ಬೆಲೆಯನ್ನು ನಿಜವಾಗಿ ಕಟ್ಟುವವರು ಗೆದ್ದವರಲ್ಲ, ಸೋತವರು. ನಾನಂತೂ ಕಟ್ಟುವುದೇ ಇಲ್ಲ. ಈ ‘ನಾನು ಕಟ್ಟುವುದಿಲ್ಲ’ ಎಂಬ ಮಾತು ನನ್ನ ಮನಸ್ಸಿಗೆ ಬಹಳ ಹಿತವಾಗಿತ್ತು.

ಮನೆಯ ಅಟ್ಟ ಬರಿದಾದ ಮೇಲೆ ಓಣಿಯ ಅಟ್ಟಗಳು ಕಾಣತೊಡಗಿದವು. ಕಂದೀಲು, ಕುಂಕುಮದ ಭರಣಿ, ತಾಮ್ರದ ಹಂಡೆ ಕೊಂಡೆ, ಮಾರಿದೆ. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ 1972ರ ಕಾಯ್ದೆಯ ಕಟ್ಟು ಇದೆಯೆಂದು ತಮ್ಮನ ಮಗ ಎಚ್ಚರಿಸಿದ್ದ. ಅಂಥದ್ದರ ತಂಟೆಗೆ ಹೋಗಲಿಲ್ಲ.

ಹಿಂದಿನ ಓಣಿಯ ಆಯಿ ಒಂದು ಮಧ್ಯಾಹ್ನ ಬಗಲಲ್ಲಿ ಗಂಟು ಹಿಡಿದು ಬಂದಳು. ಎಂಬತ್ತರ ಆಸುಪಾಸಿನ ಜೀವ. ಗಂಟಿನಲ್ಲಿ ಒಂದು ಇಳಕಲ್ ಸೀರೆ. ಅವಳ ಅವ್ವ ಕೈಯಾರೆ ಕಸೂತಿ ಹಾಕಿದ್ದು. ಸೆರಗಿನ ತುಂಬ ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆಗಳ ಸಾಲು.

“ಅಕ್ಕೋರ, ನೀವು ಹಳೇ ಸಾಮಾನು ಮಾರತೀರಂತ. ಇದಕ್ಕೇನರ ಬರತೈತೇನ್ ನೋಡ್ರಿ. ಮಾಳಗಿ ಸೋರಾಕತ್ತೈತಿ, ಎರಡು ತಗಡರ ಹಾಕಸಬೇಕು.”

“ನಿನಗೆಷ್ಟು ಬೇಕಾಗೇತಿ ಆಯಿ?” ಎಂದೆ.

“ಒಂದೂವರೆ ಸಾವಿರ ಬಂದ್ರ ಸಾಕ್ರಿ.”

ನಾನು ಎರಡು ಸಾವಿರ ಕೊಟ್ಟೆ. ಆಯಿ ಎರಡೂ ಕೈಯೆತ್ತಿ ಹರಸಿ ಹೋದಳು. ಆ ರಾತ್ರಿ ಅನ್ನ ನನಗೆ ಬಹಳ ರುಚಿಯಾಗಿತ್ತು.

ಕಸೂತಿ ಬಲ್ಲ ಓದುಗರಿಗೆ ನಾನು ಹೇಳಬೇಕಾದದ್ದಿಲ್ಲ. ಅರಿಯದವರಿಗಾಗಿ ಎರಡು ಮಾತು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ಹಾಕಬೇಕು. ಗಾವಂತಿ, ಮುರಗಿ, ನೇಯಿಗೆ, ಮೆಂಥೆ ಎಂದು ನಾಲ್ಕು ಬಗೆಯ ಹೊಲಿಗೆ. ಇವುಗಳಲ್ಲಿ ಗಾವಂತಿ ಮತ್ತು ಮುರಗಿಯಲ್ಲಿ ಮುಂಬದಿ ಹಿಂಬದಿ ಒಂದೇ ತೆರ ಕಾಣಬೇಕು. ಗಂಟು ಎಲ್ಲಿಯೂ ಬೀಳಕೂಡದು. ನಮ್ಮ ಕಡೆಯ ಹಿರಿಯರು ಸೊಸೆಯಂದಿರ ಕಸೂತಿಯನ್ನು ಮೊದಲು ತಿರುವಿಯೇ ನೋಡುತ್ತಿದ್ದರು. ನಾನೂ ಆಯಿ ಹೋದ ಮೇಲೆ ಸೆರಗು ತಿರುವಿದೆ. ಒಂದು ಆನೆಯ ಹಿಂಬದಿಯಲ್ಲಿ ಗಂಟುಗಳಿದ್ದವು, ನಾಲ್ಕು. ದಾರವೂ ಬೇರೆ. ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ತೂತು, ಅದಕ್ಕೆ ಒಳಗಿನಿಂದ ತೇಪೆ. ಮುಂದಿನಿಂದ ನೋಡಿದರೆ ಏನೂ ಇಲ್ಲ, ಆನೆ ತನ್ನ ಪಾಡಿಗೆ ಅಂಬಾರಿ ಹೊತ್ತು ನಡೆದಿತ್ತು.

ನಾನು ಮುಂಬದಿಯ ಆರು ಚಿತ್ರ ತೆಗೆದೆ. ‘ಎಪ್ಪತ್ತು ವರ್ಷಕ್ಕೂ ಹಳೆಯ ಇಳಕಲ್ ಸೀರೆ, ಕೈಯಿಂದ ಹಾಕಿದ ಧಾರವಾಡ ಕಸೂತಿ, ಬಣ್ಣ ಮಾಸಿಲ್ಲ’ ಎಂದು ಬರೆದೆ. ಒಂದಕ್ಷರವೂ ಸುಳ್ಳಲ್ಲ.

ಬೆಲೆ ಮೂರು ಸಾವಿರದಲ್ಲಿ ಎರಡು ದಿನ ನಿಂತಿತು. ತಮ್ಮನ ಮಗ, “ಅತ್ತಿ, ನಾ ಬ್ಯಾರೆ ಹೆಸರಿಲೆ ಒಂದೀಟು ಏರಸ್ಲೇನು?” ಎಂದು ಕೇಳಿದ. ಬೇಡವೆಂದೆ. ನಿಜ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಅದು ತಪ್ಪು ಎಂದಲ್ಲ, ಸಿಕ್ಕಿಬಿದ್ದರೆ ಏನು ಗತಿ ಎಂದು. ಕೊನೆಯ ಸಂಜೆ ಪುಣೆಯ ಒಬ್ಬರು, ಚೆನ್ನೈಯ ಒಬ್ಬರು ಹಟಕ್ಕೆ ಬಿದ್ದರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಕೂತೆ. ಒಂಬತ್ತು ಗಂಟೆಗೆ ಹನ್ನೊಂದು ಸಾವಿರದ ಆರುನೂರಕ್ಕೆ ಪುಣೆಯವರು ಗೆದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾರೂ ಹಿಂಬದಿ ಕೇಳಲಿಲ್ಲ, ನಾನು ಹೇಳಲಿಲ್ಲ. ಇದರಲ್ಲಿ ನನ್ನ ತಪ್ಪೇನು?

ಈ ಪ್ರಶ್ನೆ ಹೊಸದಲ್ಲ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಅವನೊಬ್ಬನಿಗೇ ಗೊತ್ತು. ಅದನ್ನು ಊರವರಿಗೆ ಹೇಳಬೇಕೇ, ಸುಮ್ಮನಿದ್ದು ಏರಿದ ಬೆಲೆಗೆ ಮಾರಬಹುದೇ? ಡಯೋಜಿನೀಸ್ ಎಂಬ ತತ್ತ್ವಜ್ಞಾನಿ, ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಹೇಳದಿರುವುದು ಮುಚ್ಚಿಡುವುದಲ್ಲ ಎಂದ. ಅವನ ಶಿಷ್ಯ ಆಂಟಿಪೇಟರ್, ಎಲ್ಲವನ್ನೂ ಹೇಳಲೇಬೇಕು ಎಂದ. ಸಿಸೆರೊ ನಿಂತದ್ದು ಶಿಷ್ಯನ ಪಕ್ಷಕ್ಕೆ. ಬೆಲೆ ಏರಿಸಲು ಮಾರುವವನು ಸುಳ್ಳು ಸವಾಲುದಾರನನ್ನು ನಿಲ್ಲಿಸಕೂಡದೆಂದೂ ಅದೇ ಗ್ರಂಥದಲ್ಲಿದೆ! ತಮ್ಮನ ಮಗನಿಗೆ ಹೇಳಿದರೆ, “ಆಗೂ ಇತ್ತೇನು ಇದು?” ಎಂದು ಬೆರಗಾದ.

ಆದರೆ ನನಗೆ ಈ ವಿಷಯ ಬಗೆಹರಿದದ್ದು ರೋಮಿನಿಂದಲ್ಲ, ಬ್ಯಾಡಗಿಯಿಂದ. ನಮ್ಮ ಕುಂದಗೋಳದ ಕಪ್ಪುಮಣ್ಣಿನ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋಗುತ್ತದೆ. ಹಿಂದೆ ತಂದೆಯವರ ಜೊತೆ ನಾನೂ ಚೀಲಗಳ ಮೇಲೆ ಕೂತು ಹೋದವಳೇ. ಈಗ ಅಲ್ಲಿಯೂ ವ್ಯಾಪಾರಿಗಳು ದರ ನಮೂದಿಸುವುದು ಕಂಪ್ಯೂಟರಿನಲ್ಲಿ. 2014ರಿಂದೀಚೆಗೆ ರಾಜ್ಯದ ಮಾರುಕಟ್ಟೆಗಳು ಒಂದೊಂದಾಗಿ ಈ ಏಕೀಕೃತ ವ್ಯವಸ್ಥೆಗೆ ಸೇರಿದವು. ಆದರೂ ದರ ಬರೆಯುವ ಮೊದಲು ವ್ಯಾಪಾರಿ ಸುರಿದ ರಾಶಿಗೆ ಕೈ ಹಾಕುತ್ತಾನೆ. ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಅದುಮುತ್ತಾನೆ, ಮುರಿಯುತ್ತಾನೆ, ಮೂಸುತ್ತಾನೆ. ತೂಕ ಬರಲೆಂದು ನೀರು ಚಿಮುಕಿಸಿದ್ದರೆ ಅವನ ಅಂಗೈಗೆ ತಿಳಿಯುತ್ತದೆ. ಅಲ್ಲಿ ರೈತ ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದರೂ ನಡೆದೀತು. ಪುಣೆಯ ಆ ಹೆಣ್ಣುಮಗಳು ನನ್ನ ಸೀರೆಗೆ ಕೈ ಹಾಕುವುದು ಹೇಗೆ? ಅವಳ ಕೈ ಇರಬೇಕಾದ ಜಾಗದಲ್ಲಿ ಇದ್ದದ್ದು ನನ್ನ ಆರು ಚಿತ್ರ, ನನ್ನ ಒಂದು ಸಾಲು. ನಾನು ಸುಮ್ಮನಿದ್ದದ್ದೆಂದರೆ ಅವಳು ಸೆರಗು ತಿರುವದಂತೆ ಅವಳ ಕೈ ಹಿಡಿದುಕೊಂಡಂತೆ.

ಈಬೇ ಕಟ್ಟಿದ ಪಿಯರ್ ಒಮಿದ್ಯಾರ್ ಮೊಟ್ಟಮೊದಲು ಮಾರಿದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್; 14.83 ಡಾಲರಿಗೆ. ಕೊಂಡವನಿಗೆ ಅವನೇ ಬರೆದು ಕೇಳಿದನಂತೆ, ಅದು ಕೆಟ್ಟಿದೆಯೆಂದು ನಿಮಗೆ ಗೊತ್ತಲ್ಲವೇ ಎಂದು. ತಾನು ಕೆಟ್ಟವುಗಳನ್ನೇ ಸಂಗ್ರಹಿಸುತ್ತೇನೆ ಎಂದು ಉತ್ತರ ಬಂತಂತೆ. ನನಗೂ ಅಂಥ ಅದೃಷ್ಟ ಇದ್ದೀತೆಂಬ ಆಸೆಯಿಂದ ಬೆಳಿಗ್ಗೆ ಹಿಂಬದಿಯ ಚಿತ್ರ ತೆಗೆದು, ‘ತೇಪೆ ಒಂದು, ಗಂಟು ನಾಲ್ಕು’ ಎಂದು ಬರೆದು ಕಳಿಸಿದೆ. ಪುಣೆಯವರು ಅಂಥ ಸಂಗ್ರಾಹಕರಲ್ಲ. ಎರಡು ದಿನ ಬಿಟ್ಟು, ಮೊದಲೇ ಹೇಳಿದ್ದರೆ ತಾವು ಅಷ್ಟು ಏರಿಸುತ್ತಿರಲಿಲ್ಲ, ಏಳು ಸಾವಿರಕ್ಕಾದರೆ ಕಳಿಸಿ ಎಂದರು. ಒಪ್ಪಿದೆ. ನಾಲ್ಕು ಸಾವಿರದ ಆರುನೂರು ರೂಪಾಯಿ ಹೋಯಿತೆಂದು ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾದೀತು. ಮಗಳ ಹಾಸ್ಟೆಲ್ಲಿನ ಕಂತು ಆ ವಾರವೇ ಇತ್ತು.

ಕೊಂಡವರ ಲೆಕ್ಕ ಅಲ್ಲಿಗೆ ಮುಗಿಯಿತು. ಕೊಟ್ಟವಳ ಲೆಕ್ಕ ಮುಗಿಯಲಿಲ್ಲ.

ಆಯಿ ಅಂದು ನನ್ನನ್ನು ಏನು ಕೇಳಿದ್ದಳು? ‘ಏನರ ಬರತೈತೇನ್ ನೋಡ್ರಿ’ ಎಂದು. ನೋಡಿ ಹೇಳಲು ಕೇಳಿದ್ದಳು. ಅವಳು ಬಂದದ್ದು ವ್ಯಾಪಾರಿಯ ಅಂಗಡಿಗಲ್ಲ, ಅಕ್ಕೋರ ಮನೆಗೆ. ನಾನು ನೋಡಿ ಹೇಳಲಿಲ್ಲ, ‘ಎಷ್ಟು ಬೇಕು’ ಎಂದು ತಿರುಗಿ ಕೇಳಿದೆ. ಆ ಒಂದು ಪ್ರಶ್ನೆಯಿಂದ ಸೀರೆಯ ಬೆಲೆ ಹೋಗಿ ಅವಳ ಗರಜಿನ ಬೆಲೆ ಬಂತು. ಅತ್ತ ಬೆಲೆ ಕಟ್ಟಿದ್ದು ಸೋರುವ ಮಾಳಿಗೆ, ಇತ್ತ ಕಟ್ಟಿದ್ದು ಪುಣೆ-ಚೆನ್ನೈಗಳ ಹಟ. ನಡುವೆ ಕೂತ ನಾನು ಮಾತ್ರ ಏನೂ ಕಟ್ಟದ ಸಾಧ್ವಿ!

ಆಯ್ದಕ್ಕಿ ಲಕ್ಕಮ್ಮನನ್ನು ನಾನು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳು. ಅವಳಿಗೆ ಸುರಿಯುವ ಅಂಗಳ ಯಾವುದೆಂದು ಗೊತ್ತಿತ್ತು. ನನಗೆ ಅದೇ ಗೊತ್ತಾಗುತ್ತಿರಲಿಲ್ಲ. ತಾಣದ ದಲಾಲಿ ಏಳುನೂರು, ಅಂಚೆಯ ನೂರಾ ನಲವತ್ತು, ಆಯಿಗೆ ಕೊಟ್ಟ ಎರಡು ಸಾವಿರ ಕಳೆದು ಉಳಿದದ್ದು ನಾಲ್ಕು ಸಾವಿರದ ನೂರಾ ಅರವತ್ತು. ಅದರಲ್ಲಿ ಅರ್ಧ ಲಕೋಟೆಯಲ್ಲಿ ಹಾಕಿಕೊಂಡು ಹಿಂದಿನ ಓಣಿಗೆ ಹೋದೆ. ಪೂರಾ ಒಯ್ಯಲಿಲ್ಲವೇಕೆ ಎಂದು ನೀವು ಕೇಳಬಹುದು. ದಾರಿಯಲ್ಲಿ ನಾನೂ ಕೇಳಿಕೊಂಡೆ.

ಹೊಸ ತಗಡಿನ ಕೆಳಗೆ ಆಯಿ ಶೇಂಗಾ ಸುಲಿಯುತ್ತ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಲಕೋಟೆಯನ್ನು ಅವಳು ಮುಟ್ಟಲಿಲ್ಲ.

“ನನಗ ಒಂದೂವರೆ ಬೇಕಾಗಿತ್ತು, ನೀವು ಎರಡು ಕೊಟ್ರಿ. ಮುಗೀತು. ಅದು ಮಾರದ ನಿಮ್ಮ ಟ್ರಂಕಿನ್ಯಾಗ ಉಳದಿದ್ರ ನನ್ನ ಕಡೆ ರೊಕ್ಕ ಕೇಳಾಕ ಬರತಿದ್ರೇನು?”

ಇದಕ್ಕೆ ಉತ್ತರ ಹುಡುಕುತ್ತ ಎಷ್ಟೋ ದಿನ ಕಳೆದಿದ್ದೇನೆ. ನಷ್ಟದಲ್ಲಿ ಪಾಲಿಲ್ಲದವರಿಗೆ ಲಾಭದಲ್ಲಿ ಪಾಲೇಕೆ ಎಂಬುದು ಪೇಟೆಯ ನ್ಯಾಯ. ಅವಳು ಹೇಳಿದ್ದು ಸರಿ. ಆದರೆ ಕಸೂತಿಗೆ ಏನು ಬರುತ್ತದೆಂದು ಬಲ್ಲ ನನಗೆ ನಷ್ಟದ ಭಯ ಎಲ್ಲಿತ್ತು? ಆ ದಿನ ಮಾತ್ರ ನಾನು, “ನಿನಗ ಮೊದಲ ಹೇಳಬೇಕಾಗಿತ್ತು ಆಯಿ” ಎಂದಷ್ಟೇ ಅಂದೆ. ಈಗ ಯಾರಾದರೂ ಸಾಮಾನು ತಂದರೆ ಕೊಳ್ಳುವುದಿಲ್ಲ. ಹಿಂದೆ ಅಂಥವು ಎಷ್ಟಕ್ಕೆ ಹೋಗಿವೆ ಎಂದು ಫೋನಿನಲ್ಲೇ ತೋರಿಸಿ, ಅವರ ಪರವಾಗಿ ಹಾಕಿ, ಬಂದದ್ದರಲ್ಲಿ ಐದನೆಯ ಒಂದು ಪಾಲು ತೆಗೆದುಕೊಳ್ಳುತ್ತೇನೆ. ಗಳಿಕೆ ಕಡಿಮೆಯಾಗಿದೆ. ಐದರಲ್ಲಿ ಒಂದು ಸರಿಯೋ, ಹತ್ತರಲ್ಲಿ ಒಂದೋ, ಅದೂ ಇನ್ನೂ ತೀರ್ಮಾನವಾಗಿಲ್ಲ.

ತೇಪೆಯ ಮಾತು ಬಂದಾಗ ಆಯಿ ನಕ್ಕಳು. “ಆ ಆನೀ ನಾನ ಹಾಕಿದ್ದು. ಒಲಿ ಕಿಡಿ ಹಾರಿ ತೂತು ಬಿದ್ದಿತ್ತು. ನನಗ ಆಗ ಹನ್ನೊಂದೋ ಹನ್ನೆರಡೋ. ಅವ್ವಗ ಗೊತ್ತಾಗಬಾರದಂತ ಮ್ಯಾಲ ಆನೀ ಕೂಡಿಸಿಬಿಟ್ಟೆ.”

“ಗೊತ್ತಾಗಲಿಲ್ಲೇನು?”

“ತಿರುವಿ ನೋಡಿದ್ಲಲ್ಲ, ಗೊತ್ತಾಗದ ಏನು. ಬಿಚ್ಚಲಿಲ್ಲ ಅಷ್ಟ.” ಒಂದು ಶೇಂಗಾ ಒಡೆದು, “ಅದರ ಪೋಟೋ ಐತೇನ್ರಿ?” ಎಂದಳು.

ಸೀರೆ ಆಗಲೇ ಪುಣೆ ಸೇರಿತ್ತು. ಹಿಂಬದಿಯ ಚಿತ್ರವನ್ನು ದೊಡ್ಡದು ಮಾಡಿ ಫೋನು ಅವಳ ಕೈಗೆ ಕೊಟ್ಟೆ. ಲಕೋಟೆ ಇಬ್ಬರ ನಡುವೆ ಚಾಪೆಯ ಮೇಲೆ ಹಾಗೆಯೇ ಇತ್ತು. ಕಣ್ಣಿಗೆ ತೀರ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು, ಬೆರಳಿನಿಂದ ಗಾಜಿನ ಮೇಲೆ ಎಣಿಸಿದಳು.

“ಇನ್ನೊಂದು ಗಂಟ ಐತ್ರಿ ಅಕ್ಕೋರ, ಸೊಂಡಿಲ ಕೆಳಗ. ತೇಪೀ ಒಳಗ ಹೋಗೇತಿ, ಪೋಟೋದಾಗ ಕಾಣಂಗಿಲ್ಲ.”

ಪುಣೆಗೆ ನಾನು ನಾಲ್ಕು ಎಂದು ಬರೆದಿದ್ದೆ.