ಶರೀರಶುಶ್ರೂಷೆಯೂ ಸಭಾಧರ್ಮವೂ

ರೋಗಿಗಾಗಿ ಪ್ರಾರ್ಥಿಸುವ ಸಭೆಯು ಆ ರೋಗಿಯ ಔಷಧ, ಆಹಾರ, ನೀರುಗಳ ವಿಚಾರವನ್ನೂ ತನ್ನ ಧರ್ಮವೆಂದೇ ಭಾವಿಸಬೇಕೆ, ಅಥವಾ ಆತ್ಮದ ಚಿಂತೆಯಷ್ಟೇ ತನ್ನದೆಂದು ದೇಹವನ್ನು ವೈದ್ಯರಿಗೂ ಸರಕಾರಕ್ಕೂ ಒಪ್ಪಿಸಿ ನಿಶ್ಚಿಂತವಾಗಿರಬಹುದೆ? ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗಳಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗೆ ಇದು ಬರಿಯ ತತ್ತ್ವಜಿಜ್ಞಾಸೆಯಲ್ಲ.

ಆ ಪರಂಪರೆಯ ಮೂಲಪುರುಷನಾದ ಜಾನ್ ವೆಸ್ಲಿಗೆ ಈ ವಿಷಯದಲ್ಲಿ ಸಂದೇಹವೇ ಇರಲಿಲ್ಲ. 1746ರಲ್ಲಿ ಆತನು ಲಂಡನ್ನಿನ ಬಡವರಿಗಾಗಿ ಔಷಧಾಲಯವೊಂದನ್ನು ತೆರೆದು, ಮರುವರ್ಷ ಮನೆಮದ್ದಿನ ಗ್ರಂಥವೊಂದನ್ನು ಅಚ್ಚು ಹಾಕಿಸಿದನು. ಆ ಮದ್ದುಗಳಲ್ಲಿ ಅನೇಕವನ್ನು ಇಂದಿನ ವೈದ್ಯಶಾಸ್ತ್ರವು ಒಪ್ಪದು. ಆದರೆ ಆತನ ಇನ್ನೊಂದು ಏರ್ಪಾಡು ಇಂದಿಗೂ ಹಳತಾಗಿಲ್ಲ. ನಗರವನ್ನು 23 ಭಾಗಗಳಾಗಿ ವಿಂಗಡಿಸಿ, ಭಾಗಕ್ಕಿಬ್ಬರಂತೆ 46 ಮಂದಿಯನ್ನು ನಿಯಮಿಸಿ, ಅವರು ತಮ್ಮ ಪಾಲಿನ ಪ್ರತಿಯೊಬ್ಬ ರೋಗಿಯನ್ನೂ ವಾರಕ್ಕೆ ಮೂರಾವರ್ತಿ ಕಂಡು, ಆತ್ಮದ ಕ್ಷೇಮದೊಡನೆ ದೇಹದ ಕ್ಷೇಮವನ್ನೂ ವಿಚಾರಿಸತಕ್ಕದ್ದೆಂದು ವಿಧಿಸಿದನು. ಅವರಾರೂ ವೈದ್ಯರಲ್ಲ, ಸಭೆಯ ಸಾಮಾನ್ಯ ಸದಸ್ಯರು. 1870ರಲ್ಲಿ ಬರೇಲಿಗೆ ಬಂದ ವೈದ್ಯೆ ಕ್ಲಾರಾ ಸ್ವೈನಳೂ, 1910ರಲ್ಲಿ ಕೋಲಾರದಲ್ಲಿ ತಲೆಯೆತ್ತಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯೂ ಈ ಪರಂಪರೆಯ ಕೀರ್ತಿಗೆ ಕಾರಣವಾದುದು ನಿಜ. ಆದರೆ ಅಂತಹ ಆಸ್ಪತ್ರೆಯನ್ನು ತಾಲ್ಲೂಕಿಗೊಂದರಂತೆ ಕಟ್ಟಲಾಗದೆಂದು ಕೈಕಟ್ಟಿ ಕುಳಿತುಕೊಳ್ಳುವವರು ಆ 46 ಮಂದಿಯನ್ನು ಮರೆತವರು.

ಏಕೆಂದರೆ ನಮ್ಮ ಸೀಮೆಯ ಇಂದಿನ ರೋಗಗಳು ಬಹುತೇಕ ದೀರ್ಘಕಾಲದವು. ಕ್ಷಯಕ್ಕೆ ಸರಕಾರವು ಔಷಧವನ್ನು ಉಚಿತವಾಗಿ ಕೊಡುತ್ತದೆ. ಸಾಮಾನ್ಯವಾಗಿ ಆರು ತಿಂಗಳು ಅದನ್ನು ಬಿಡದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತು ಮೈಯಲ್ಲಿ ಕಸುವು ಕೂಡಿದೊಡನೆ ಗುಳಿಗೆಗಳ ಪಟ್ಟಿ ಗೂಡಿನಲ್ಲಿ ಧೂಳು ತಿನ್ನತೊಡಗುತ್ತದೆ. ಸಕ್ಕರೆ ಕಾಯಿಲೆಯವನು ಕಾಲಿನ ಹುಣ್ಣಿಗೆ ಅರಿಸಿನ ಮೆತ್ತಿ ಹೊಲಕ್ಕೆ ನಡೆಯುತ್ತಾನೆ. ಇಲ್ಲಿ ಕೊರತೆಯಾದುದು ಔಷಧವಲ್ಲ, ವಾರವಾರವೂ ಬಾಗಿಲಿಗೆ ಬಂದು, "ಗುಳಿಗಿ ತಗೊಂಡ್ಯೇನವ್ವಾ?" ಎಂದು ಕೇಳುವ ಮನುಷ್ಯ.

ನಾಲ್ವರು ಪಾರ್ಶ್ವವಾಯುಪೀಡಿತನನ್ನು ಹೊತ್ತು ತಂದು, ಜನಸಂದಣಿಯಿಂದ ಒಳಹೋಗಲಾರದೆ, ಮಾಳಿಗೆಯನ್ನು ಬಿಚ್ಚಿ ಯೇಸುವಿನೆದುರು ಇಳಿಸಿದ ಮಾರ್ಕನ ಸುವಾರ್ತೆಯ ವೃತ್ತಾಂತವು ನಮ್ಮವರಿಗೆ ಕಣ್ಣಿಗೆ ಕಟ್ಟುವಂತಹುದು. ತೊಲೆ ಜಂತಿಗಳ ಮೇಲೆ ಮಣ್ಣು ಹರಡಿದ ಮೇಲ್ಮುದ್ದೆಯ ಮನೆಯಲ್ಲಿ ಬೆಳೆದವನು ಬಲ್ಲ: ಬೆಳಕಿಂಡಿಯಲ್ಲಿ ಮನುಷ್ಯನ ಹಾಸಿಗೆ ಹಿಡಿಯದು, ಗಟ್ಟಿಗೊಂಡ ಮಣ್ಣನ್ನು ಅಗೆಯಬೇಕು, ಜಂತಿಗಳನ್ನು ಸರಿಸಬೇಕು, ಕೆಳಗೆ ಕುಳಿತವರ ತಲೆಯ ಮೇಲೆ ಹೆಂಟೆಗಳುದುರಿ ಅವರ ಬೈಗುಳನ್ನೂ ಸಹಿಸಬೇಕು. ಪ್ರಭುವು ಕಂಡು ಮೆಚ್ಚಿದುದು ಹೊತ್ತು ತಂದವರ ಶ್ರದ್ಧೆಯನ್ನು. ಪ್ರಾರ್ಥನೆಯೊಂದೇ ಸಾಕೆಂದು ಔಷಧವನ್ನು ಬಿಡಿಸುವವರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು.

ವಿಶ್ವಾಸ ಸಾಲದುದರಿಂದಲೇ ರೋಗ ವಾಸಿಯಾಗಲಿಲ್ಲವೆಂಬ ಮಾತಂತೂ ಅತ್ಯಂತ ಕ್ರೂರವಾದುದು. ನಮ್ಮ ವಿಜಯಪುರ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ, ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದ ನೀರನ್ನೇ ವರ್ಷಾನುಗಟ್ಟಲೆ ಕುಡಿದ ಮಗುವಿನ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಎಲುಬು ಬಾಗುತ್ತದೆ. ಅದು ಯಾರ ಪಾಪದ ಫಲ? ಹಾಗೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮದ್ದಿಲ್ಲ. ಶುದ್ಧವಾದ ನೀರು ಬೇಕು, ಅದಕ್ಕಾಗಿ ಪಂಚಾಯತಿಯ ಮುಂದೆ ನಿಲ್ಲುವವರು ಬೇಕು. ಸಭೆಯು ಅಲ್ಲಿ ನಿಂತರೆ ಅದೂ ಆರಾಧನೆಯೇ.

ಸೇವೆಯು ಮತಾಂತರದ ಬಲೆಯೆಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಪ್ರತಿಫಲವನ್ನು ಎಣಿಸಿ ಮಾಡಿದ್ದು ಸೇವೆಯಲ್ಲವೆಂಬುದನ್ನು ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಾಸೋಹದ ಪಂಕ್ತಿಯಲ್ಲಿ ಉಣ್ಣುವವನ ಕುಲಗೋತ್ರವನ್ನು ಕೇಳುವುದಿಲ್ಲ. ಸಭೆಯ ಆರೋಗ್ಯಸೇವೆಯೂ ಅಷ್ಟೇ ನಿರಪೇಕ್ಷವಾಗಿರತಕ್ಕದ್ದು.

ಇದಕ್ಕೆ ಬೇಕಾದ ನೆರವು ಅಲ್ಪ: ರಕ್ತದೊತ್ತಡ ನೋಡುವ ಯಂತ್ರವೊಂದು, ಆಶಾ ಕಾರ್ಯಕರ್ತೆಯೊಡನೆ ಸಹಕರಿಸಬಲ್ಲ ಇಬ್ಬರು ತಾಯಂದಿರು, ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ರೋಗಿಯೊಡನೆ ಹೋಗಿಬರುವವನ ಬಸ್ಸಿನ ಖರ್ಚು. ದೇಣಿಗೆ ಕೊಡಬಯಸುವವರು ಗೋಡೆಯ ಮೇಲೆ ಹೆಸರು ಕೆತ್ತಿಸುವ ಮೊದಲು ಇದನ್ನು ವಿಚಾರಿಸಲಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುವ ಕುಟುಂಬಗಳಲ್ಲಿ ಗುಳಿಗೆ ನುಂಗುತ್ತಿರುವವರು ಯಾರು, ಅಲ್ಲಿ ಅವರಿಗೆ ಔಷಧ ಸಿಗುವುದೆಲ್ಲಿ ಎಂಬುದನ್ನು ಟೋಳಿಯ ಗಾಡಿ ಹೊರಡುವ ಮುನ್ನವೇ ಸಭಾಪಾಲಕರು ಬರೆದಿಟ್ಟುಕೊಳ್ಳಲಿ.