ವಾಯುಭೂತಿಯ ಮುನಿಸು

ವಡ್ಡಾರಾಧನೆಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ನರಿಯು ಕಾಲಿನಿಂದ ಮೊದಲ್ಗೊಂಡು ದೇಹವನ್ನು ತಿನ್ನುತ್ತಿದ್ದರೂ ಧ್ಯಾನದಿಂದ ಕದಲದ ಆ ಮಹಾತ್ಮನ ಸಹನೆಯನ್ನು ಅನೇಕ ಶ್ರಾವಕರು ಬಾಲ್ಯದಿಂದಲೇ ಕೇಳಿ ಬಲ್ಲರು. ಆದರೆ ಆ ಉಪಸರ್ಗದ ಬೇರು ಹಿಂದಿನ ಭವವೊಂದರಲ್ಲಿ, ಶಿಷ್ಯನು ಗುರುವಿನ ಮೇಲೆ ತಾಳಿದ ಮುನಿಸಿನಲ್ಲಿದೆಯೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ.

ಕೌಶಾಂಬಿಯ ಪುರೋಹಿತನ ಮಕ್ಕಳಾದ ಅಗ್ನಿಭೂತಿ, ವಾಯುಭೂತಿಗಳು ಓದದೆ ಬೆಳೆದವರು. ತಂದೆ ತೀರಿಕೊಂಡಾಗ ವಿದ್ಯೆಯಿಲ್ಲದ ಕಾರಣ ಪದವಿ ಕೈತಪ್ಪಿತು. ತಾಯಿ ಅವರನ್ನು ರಾಜಗೃಹದಲ್ಲಿದ್ದ ತನ್ನ ಸೋದರ ಸೂರ್ಯಮಿತ್ರನಲ್ಲಿಗೆ ಕಳುಹಿಸಿದಳು. ಆತನು ಸಂಬಂಧವನ್ನೇ ಒಪ್ಪದೆ, ಭಿಕ್ಷೆಯೆತ್ತಿ ಉಂಡು ಓದುವುದಾದರೆ ಕಲಿಸುವೆನೆಂದನು. ಓದು ಮುಗಿದ ಮೇಲೆ ತಾನೇ ಸೋದರಮಾವನೆಂದು ತಿಳಿಸಿ, ಸತ್ಕರಿಸಿ ಬೀಳ್ಕೊಟ್ಟನು. ಅಗ್ನಿಭೂತಿ ಕೃತಜ್ಞನಾದನು. ವಾಯುಭೂತಿ ಆ ಭಿಕ್ಷೆಯನ್ನು ಮರೆಯಲಿಲ್ಲ. ಮುಂದೆ ಸೂರ್ಯಮಿತ್ರನು ಮುನಿಯಾಗಿ ಕೌಶಾಂಬಿಗೆ ಬಂದಾಗ ಅಣ್ಣನು ಆಹಾರದಾನ ಮಾಡಿದನು, ತಮ್ಮನು ನಿಂದಿಸಿದನು. ಅದಕ್ಕೆ ನೊಂದು ಅಣ್ಣ ದೀಕ್ಷೆ ಹಿಡಿದನು. ನಿನ್ನಿಂದಲೇ ಹೀಗಾಯಿತೆಂದು ಹೇಳಲು ಬಂದ ಅತ್ತಿಗೆಯನ್ನು ವಾಯುಭೂತಿ ಒದ್ದನು. ಒದ್ದ ಕಾಲನ್ನೇ ತಿನ್ನುವಂತಾಗಲಿ ಎಂದು ಆಕೆ ನಿದಾನ ಕಟ್ಟಿದಳು. ಒಂದು ಮುನಿಸು ಇನ್ನೊಂದನ್ನು ಹೆತ್ತ ಬಗೆಯಿದು.

ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ವಾಯುಭೂತಿಗೆ ನೋವಾದದ್ದು ಸುಳ್ಳಲ್ಲ. ಸ್ವಂತ ಮಾವನ ಊರಿನಲ್ಲಿ ಅವನು ಪರರ ಬಾಗಿಲಲ್ಲಿ ನಿಂತಿದ್ದನು. ಸೂರ್ಯಮಿತ್ರನ ಕಠೋರತೆಗೆ ಹಿತದ ಉದ್ದೇಶವಿತ್ತು. ಎಲ್ಲ ಗುರುಗಳ ಕಠೋರತೆಗೂ ಅಂತಹ ಉದ್ದೇಶವಿರುತ್ತದೆ ಎನ್ನಲಾಗದು. ಬಾಲ್ಯದಲ್ಲಿ ಶಾಲೆಯ ಉಪಾಧ್ಯಾಯರೊಬ್ಬರು ತುಂಬಿದ ತರಗತಿಯಲ್ಲಿ ತಂದೆಯ ಬಡತನವನ್ನೆತ್ತಿ ಹಂಗಿಸಿದ್ದನ್ನು ನಲವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಗೃಹಸ್ಥನೊಬ್ಬನನ್ನು ಊಹಿಸಬಹುದು. ಈಗ ಆತ ಬಸದಿಯ ಟ್ರಸ್ಟಿನ ಸದಸ್ಯ. ನಿತ್ಯ ಅಭಿಷೇಕ ನೋಡದೆ ಉಣ್ಣುವವನಲ್ಲ. ಆ ಉಪಾಧ್ಯಾಯರ ಹೆಸರು ಬಂದರೆ ಮಾತ್ರ ಇಂದಿಗೂ ಮುಖ ಬಿಗಿಯುತ್ತದೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಕಷಾಯದ ಸಂಸ್ಕಾರ ಉಳಿಯುವ ಕಾಲವನ್ನು ಹೇಳುತ್ತದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿ ಭವಭವಕ್ಕೆ ಹರಿಯುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಘಾತಿಸುತ್ತದೆ. ಈ ಅಳತೆಗೋಲು ನೆರೆಯವರನ್ನು ಅಳೆಯಲು ಕೊಟ್ಟದ್ದಲ್ಲ. ಆದರೆ ಆ ಗೃಹಸ್ಥನು ತನ್ನ ನಲವತ್ತು ವರ್ಷಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿಕೊಂಡರೆ ಅಭಿಷೇಕದ ನಿಯಮದಿಂದ ಮಾತ್ರ ಸಮಾಧಾನ ಪಡಲಾರನು.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗಿ, ಅನಂತ ಚತುರ್ದಶಿಯ ಬಳಿಕ ಕ್ಷಮಾವಾಣಿಯಲ್ಲಿ ಕೊನೆಗಾಣುತ್ತದೆ. ಅಂದು ಅಚ್ಚುಹಾಕಿಸಿದ ಕಾರ್ಡುಗಳು, ಈಗ ಮೊಬೈಲ್ ಸಂದೇಶಗಳು, ನೂರಾರು ಜನರಿಗೆ ಹೋಗುತ್ತವೆ. ಪ್ರಾಯಶಃ ಜಗಳವೇ ಇಲ್ಲದವರಿಗೆ! ಹೋಗಬೇಕಾದ ಒಂದು ವಿಳಾಸ ಪಟ್ಟಿಯಲ್ಲಿರುವುದಿಲ್ಲ.

ನೊಂದವನೇ ಏಕೆ ಕ್ಷಮೆ ಕೇಳಬೇಕೆಂಬ ಪ್ರಶ್ನೆ ನ್ಯಾಯವಾದುದೇ. ಅಂದು ಆ ಬಾಲಕನು ಮಾಡಿದ ಅಪರಾಧ ಏನೂ ಇಲ್ಲ. ಅದಕ್ಕಾಗಿ ಅವನು ಕ್ಷಮೆ ಬೇಡಬೇಕಾಗಿಯೂ ಇಲ್ಲ. ಆದರೆ ಬೆಳೆದ ಮೇಲೆ ಅವನು ಗೆಳೆಯರ ನಡುವೆ ಆ ಉಪಾಧ್ಯಾಯರನ್ನು ಅಣಕಿಸಿ ನಗಿಸಿದ್ದುಂಟು, ಅವರ ಮಗನ ವ್ಯಾಪಾರ ಕುಸಿದಾಗ ಒಳಗೊಳಗೆ ಹಿಗ್ಗಿದ್ದುಂಟು. ಮನಸ್ಸು, ಮಾತುಗಳಿಂದ ನಡೆದ ಈ ಹಿಂಸೆಯ ಲೆಕ್ಕ ಅವನದೇ. ಕೇಳಬೇಕಾದ ಕ್ಷಮೆ ಇದಕ್ಕೆ. ಹಾಗಲ್ಲದೆ ಹಳೆಯ ತಪ್ಪನ್ನು ಎದುರಿಗಿಟ್ಟು "ನಿಮ್ಮನ್ನು ಕ್ಷಮಿಸಿದ್ದೇನೆ" ಎಂದು ಹೇಳಹೊರಟರೆ ಅದು ಮಾನ ಕಷಾಯದ ವೇಷಾಂತರ.

ಕ್ಷಮೆಯೆಂದರೆ ಕಣ್ಣುಮುಚ್ಚಿಕೊಳ್ಳುವುದೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇಂದು ಒಂದು ಮಗು ಹಾಗೆ ನೋಯುತ್ತಿದ್ದರೆ ಅದನ್ನು ತಡೆಯುವುದೇ ಅಹಿಂಸೆ. ಟ್ರಸ್ಟುಗಳು ನಡೆಸುವ ಪಾಠಶಾಲೆಗಳೂ ಈ ಅಹಿಂಸಾಧರ್ಮಕ್ಕೆ ಹೊರತಲ್ಲ.

ವಾಯುಭೂತಿಯ ಜೀವವು ಪ್ರಾಣಿಜನ್ಮಗಳಲ್ಲಿ ಅಲೆದು ನಾಗಶ್ರೀ ಎಂಬ ಹುಡುಗಿಯಾಗಿ ಹುಟ್ಟಿದಾಗ, ಅದನ್ನು ಗುರುತಿಸಿ ವ್ರತವಿತ್ತವರಲ್ಲಿ ಅದೇ ಸೂರ್ಯಮಿತ್ರ ಮುನಿಯೂ ಇದ್ದನು. ಇವಳು ನಮ್ಮ ಮಗಳು, ನಾವೇ ಓದಿಸಿದೆವು ಎಂದು ರಾಜನೆದುರು ಹೇಳಿ, ಹಿಂದಿನ ಭವದಲ್ಲಿ ತಾನು ಕಲಿಸಿದ್ದನ್ನು ಆಕೆಯ ಬಾಯಿಂದ ಹೇಳಿಸಿದನು. ಎಲ್ಲರಿಗೂ ಅಂತಹ ಗುರು ದೊರೆಯುವುದಿಲ್ಲ. ಆ ಗೃಹಸ್ಥನು ಕ್ಷಮಾವಾಣಿಯಂದು ಹಣ್ಣು ಹಿಡಿದು ಹೋದರೆ, ಎಂಬತ್ತು ದಾಟಿದ ಆ ಉಪಾಧ್ಯಾಯರಿಗೆ ಅವನ ಹೆಸರೂ ನೆನಪಾಗದೆ, "ಯಾವ ವರ್ಷ ಓದಿದ್ದು?" ಎಂದು ಕೇಳಬಹುದು. ವರ್ಷವನ್ನು ಹೇಳಿ, ಹಣ್ಣನ್ನು ಕೈಗಿತ್ತು, ಹೇಳಬೇಕೆಂದು ಬಂದುದನ್ನು ಎರಡೇ ಮಾತಿನಲ್ಲಿ ಹೇಳಿ, ಸ್ವಲ್ಪ ಹೊತ್ತು ಕುಳಿತು ಬರಬಹುದು.