ಕಾಲದ ದಾರಿಯಲ್ಲಿ ಜಿಟಿಜಿಟಿ ಮಳೆ

ಜನವರಿಯ ಮಳೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚಿಗೆ ಬಂದರೆ ಕಣಿವೆಯೇ ಕಾಣಿಸದೆ ಹೋಗಬಹುದು. ಯಾವಪೈ ಭೂವಿಜ್ಞಾನ ಸಂಗ್ರಹಾಲಯದ ಮುಂದೆ ನಾನು ನಿಂತಾಗ ಕಟಕಟೆಯ ಆಚೆ ಬರೀ ಬಿಳುಪು. ಸುಮಾರು 1,600 ಮೀಟರ್ ಆಳ, ಎದುರು ದಂಡೆ, ತಳದ ಕೊಲರಾಡೊ ನದಿ ಎಲ್ಲವನ್ನೂ ಮಂಜು ನುಂಗಿತ್ತು. ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರವಾದ್ದರಿಂದ ಮಳೆಹನಿ ಆಗಾಗ ಹಿಮದ ಹರಳಾಗಿ ಕೆನ್ನೆಗೆ ಬಡಿಯುತ್ತಿತ್ತು. ಪಶ್ಚಿಮಕ್ಕೆ ಒಬ್ಬನೇ ನಡೆಯತೊಡಗಿದೆ.

ಇಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್ ಕಡೆಗೆ ಹೋಗುವ ಹಾದಿಯಲ್ಲಿ 2010ರಲ್ಲಿ ‘ಟ್ರೇಲ್ ಆಫ್ ಟೈಮ್’ ತೆರೆದರು. ನೆಲದಲ್ಲಿ ಕಂಚಿನ ಬಿಲ್ಲೆಗಳಿವೆ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಲೆಕ್ಕ. ದೂರದ ನೋಟ ಇಲ್ಲದ ದಿನ ಕಣ್ಣು ತಾನಾಗಿಯೇ ಈ ಬಿಲ್ಲೆಗಳಿಗೆ ಇಳಿಯುತ್ತದೆ. ಮನುಷ್ಯರು ಈ ಸೀಮೆಯಲ್ಲಿ ಓಡಾಡಿದ ಸುಮಾರು 12,000 ವರ್ಷ ಒಂದು ಬೆರಳಗಲದಲ್ಲಿ ಮುಗಿಯಿತು. ನದಿ ಈ ಕಣಿವೆಯನ್ನು ಬಹುಮಟ್ಟಿಗೆ ಕೊರೆದದ್ದು ಕಳೆದ 50–60 ಲಕ್ಷ ವರ್ಷಗಳಲ್ಲಿ, ಅಂದರೆ ಬರೀ ಆರು ಮೀಟರಿನೊಳಗೆ! ಆದರೆ ಅಂಚಿನಲ್ಲಿ ನಾವು ಕಾಲೂರುವ ಕೈಬಾಬ್ ಸುಣ್ಣಕಲ್ಲನ್ನು ಮುಟ್ಟಲು 270 ಮೀಟರ್ ನಡೆಯಬೇಕು. ಕಣಿವೆ ಎಳೆಯದು, ಕಲ್ಲು ಹಳೆಯದು.

ನದಿ ಕೊರೆಯುವುದು ಆಳಕ್ಕೆ. ಕಣಿವೆ ಇಷ್ಟು ಅಗಲವಾಗಿರುವುದು ಮಳೆ, ಹಿಮ, ಸಣ್ಣ ತೊರೆಗಳಿಂದ. ಸೀಳಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗಿ, ಕಲ್ಲುಕುಟಿಗನ ಬೆಣೆಯಂತೆ ಬಂಡೆಯನ್ನು ಬಿರಿಸುತ್ತದೆ. ಬೇಸಗೆಯ ರಜೆಯಲ್ಲಿ ಬಂದು ಫೋಟೊ ತೆಗೆದುಕೊಂಡು ಹೊರಡುವ ನಮ್ಮ ಕುಟುಂಬಗಳಿಗೆ ಈ ಕೆಲಸ ಗಮನಕ್ಕೇ ಬರುವುದಿಲ್ಲ. ಆ ದಿನ ಮಂಜಿನೊಳಗೆ ಎಲ್ಲೋ ಕೆಳಗಡೆ ಕಲ್ಲೊಂದು ಕಳಚಿ ಉರುಳಿದ್ದು ಕೇಳಿಸಿತು. ಬಹಳ ಹೊತ್ತು ಉರುಳಿತು. ನೋಡಲೆಂದು ಬಂದವನಿಗೆ ಕಣಿವೆ ತಯಾರಾಗುವ ಸದ್ದೇ ಸಿಕ್ಕಿತ್ತು. ನನಗೆ ಅದು ನೋಟಕ್ಕಿಂತ ಹೆಚ್ಚು.

ದಾರಿಯುದ್ದಕ್ಕೂ ತಳದಿಂದ ತಂದ ಶಿಲೆಗಳನ್ನು ಅವುಗಳ ವಯಸ್ಸಿನ ಜಾಗದಲ್ಲೇ ಇಟ್ಟಿದ್ದಾರೆ, ಮುಟ್ಟಬಹುದು. ಸುಮಾರು 1,750ನೇ ಮೀಟರಿನ ಹತ್ತಿರ ವಿಷ್ಣು ಶಿಸ್ಟ್. ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಲ್ಲಿನ ಶಿಖರಗಳಿಗೆ ವಿಷ್ಣು, ಶಿವ ಎಂದು ಹೆಸರಿಟ್ಟ. ವಿಷ್ಣುವಿನ ಹೆಸರು ತಳದ ಈ ಕಲ್ಲಿಗೂ ಬಂತು. ಕೈಗವಸು ಕಳಚಿ ಸವರಿದೆ. ಒದ್ದೆ ಕಪ್ಪಿನಲ್ಲಿ ಅಭ್ರಕ ಮಿನುಗುತ್ತಿತ್ತು, ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಇನ್ನು ಸ್ವಲ್ಪ ಮುಂದೆ, 184 ಕೋಟಿ ವರ್ಷದ ಎಲ್ವ್ಸ್ ಕ್ಯಾಸಮ್ ನೈಸ್ ಶಿಲೆ. ಈ ಕಣಿವೆಯಲ್ಲಿ ಅದಕ್ಕಿಂತ ಹಳೆಯ ಬಂಡೆ ಇಲ್ಲ. ಆಗ ನೆನಪಾದದ್ದು ಬೆಂಗಳೂರಿನ ಲಾಲ್‌ಬಾಗ್. ಕೆಂಪೇಗೌಡರ ಗೋಪುರವನ್ನು ಹೊತ್ತ ಆ ಬಂಡೆ. ಚಿಕ್ಕಂದಿನಲ್ಲಿ ಜಾರಿ ಆಡಿದ ಆ ಬೋಳು ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದರ ವಯಸ್ಸನ್ನು ಮುಟ್ಟಲು ಇಲ್ಲಿಂದ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ಮಳೆ ನಿಂತಿರಲಿಲ್ಲ. ಆ ದೂರವನ್ನೂ ನಡೆದೆ.